ಕುಕ್ಕರು ಚೀನೀ ಮಾತಾಡಿದ ಚಳಿಗಾಲ

ನನ್ನ ಅಡುಗೆಮನೆಗೆ ಬೇಕಾದ್ದು ಮೂರೇ.
ಒಂದು, ಕತ್ತರಿ.
ಕಿಮ್ಚಿ, ಹಂದಿಮಾಂಸ, ಒಣಗಿಸಿದ ಸ್ಕ್ವಿಡ್ಡು,
ಔಷಧಿಯ ಪೊಟ್ಟಣ, ಒಮ್ಮೆ ಗಂಡನ ಹುಬ್ಬಿನ ಕೂದಲು,
ಎಲ್ಲಕ್ಕೂ ಅದೇ. ತೊಳೆದಿದ್ದೆ, ಆಣೆಗೂ.
ಎರಡು, ಬೆಳ್ಳುಳ್ಳಿ ಅರೆಯುವ ಪುಟ್ಟ ಮಿಕ್ಸಿ;
ಸೀಳಿದ ಮುಚ್ಚಳಕ್ಕೆ ಕಪ್ಪು ಟೇಪು ಸುತ್ತಿದ್ದೇನೆ,
ತಲೆಯ ಮೇಲೆ ಕೈ ಇಟ್ಟು ಅದುಮಿದರಷ್ಟೇ ತಿರುಗುತ್ತದೆ.
ಮೂರನೆಯದು
ಮಾತಾಡುವ ಅನ್ನದ ಕುಕ್ಕರು.

ಹೌದು, ಮಾತಾಡುತ್ತದೆ. ಬುಸಾನಿನಲ್ಲಿ ಅದೇನು ದೊಡ್ಡ ವಿಷಯವಲ್ಲ.
ಈಲ್ ಮೀನಿನ ಚರ್ಮ ಸುಲಿದ ದುಡ್ಡು ಕೂಡಿಸಿ ಕೊಂಡದ್ದು.
ಬ್ಯಾಂಕಿನ ಕೌಂಟರಿನ ಹುಡುಗಿಯ ದನಿ:
ಹಬೆ ಬಿಡುತ್ತಿದ್ದೇನೆ, ಹುಷಾರು.
ಅನ್ನ ಆಯಿತು, ಚೆನ್ನಾಗಿ ಕೆದಕಿ.
ನಮ್ಮ ಮಾನ್‌ಸಿಕ್ ಹಡಗುಕಟ್ಟೆಯಲ್ಲಿ ಕಬ್ಬಿಣ ಬಡಿದು
ಕಿವಿ ಅಲ್ಲೇ ಬಿಟ್ಟು ಬಂದವನು.
ನಾನು ಕೂಗಿದರೆ ತಿರುಗುವುದಿಲ್ಲ,
ಕುಕ್ಕರು ಕರೆದರೆ ಚಮಚ ಹಿಡಿದು ಕೂತಿರುತ್ತಾನೆ.
ಕಿವುಡೋ ಜಾಣಕಿವುಡೋ,
ಐವತ್ತೊಂದು ವರ್ಷವಾಯಿತು, ಗೊತ್ತಾಗಿಲ್ಲ.

ನವೆಂಬರಿನಲ್ಲಿ ಮೊಮ್ಮಗ ಹಾರಮ್ ಬಂದ.
ಏಳು ವರ್ಷ; ಬೆರಳು ಸುಮ್ಮನಿರುವ ಜಾತಿಯದಲ್ಲ.
ಅವನು ಹೋದ ರಾತ್ರಿ ಅಕ್ಕಿ ತೊಳೆದು ಹಾಕಿ ಮುಚ್ಚಳ ತಿರುಗಿಸಿದರೆ
ಚೀನೀ ಭಾಷೆ!
ಅದೇ ಹುಡುಗಿ, ಅದೇ ನಯ, ಒಂದಕ್ಷರ ತಿಳಿಯದು.
ಇದ್ದ ಗುಂಡಿಯೆಲ್ಲ ಒತ್ತಿದೆ. ಗಂಜಿ ಆಯಿತು.
ಮತ್ತೆ ಒತ್ತಿದೆ, ಬರೀ ನೀರು ಕುದಿಯಿತು.
ಜೊತೆಗೆ ಬಂದ ಪುಸ್ತಿಕೆ
ಮೇಜಿನ ಕುಂಟುಕಾಲಿನ ಕೆಳಗೆ ಹತ್ತು ವರ್ಷದಿಂದ ದುಡಿಯುತ್ತಿದೆ.
ಮಗಳು ಫೋನಿನಲ್ಲಿ ಕೇಳಿದಳು:
ಅನ್ನ ಬೇಯುತ್ತದೋ ಇಲ್ಲವೋ?
ಬೇಯುತ್ತದೆ.
ಮತ್ತಿನ್ನೇನಮ್ಮ?

ಇನ್ನೇನು ಅಂದರೆ, ಮಾನ್‌ಸಿಕ್ ಟೀವಿ ಮುಂದೆ ಕೂತೇ ಇದ್ದ.
ನಾನೇ ಹೋಗಿ ಭುಜ ಮುಟ್ಟಬೇಕಾಯಿತು.
ಆ ಭುಜ ಅಷ್ಟು ಸಣ್ಣಗಾದದ್ದು
ನನಗೆ ಗೊತ್ತೇ ಇರಲಿಲ್ಲ.

ಚಳಿಗಾಲವೆಲ್ಲ ಕೇಳಿ ಕೇಳಿ
ಹಬೆ ಬುಸ್ಸೆನ್ನುವ ಮುಂಚಿನ ಒಂದು ಮಾತು ನಾಲಿಗೆಗೆ ಅಂಟಿತು:
ಶಿಯಾವ್‌ಶಿನ್.

ಜಗಾಲ್ಚಿ ಮೀನುಪೇಟೆಯಲ್ಲಿ ನನ್ನ ಪಕ್ಕದ ಕಟ್ಟೆಗೆ
ಶಾನ್‌ದೋಂಗ್ ಕಡೆಯ ಹುಡುಗಿ ಬಂದಿದ್ದಳು, ಶೂಲಿಯೆನ್.
ನಾವು ಆಡಿದ್ದೆಲ್ಲ ಬೆರಳಲ್ಲೇ:
ಎರಡು ಕಿಲೋ, ಮಂಜು ಕೊಡು, ಚಹಾ ತಗೋ.
ಫೆಬ್ರುವರಿಯ ಒಂದು ಬೆಳಿಗ್ಗೆ
ಬಕೆಟ್ಟು ಎಳೆಯುತ್ತ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಾಳೆ,
ಅವಳ ಬೆನ್ನಿಗೇ ಇಬ್ಬರು ಕುದಿವ ಸಾರಿನ ಹಂಡೆ ಹೊತ್ತು ಬರುತ್ತಿದ್ದಾರೆ.
ನನ್ನ ಭಾಷೆ ಗಂಟಲಲ್ಲೇ ನಿಂತಿತು.
ಬಂದದ್ದು ಕುಕ್ಕರಿನದು.
ಶಿಯಾವ್‌ಶಿನ್!

ನಿಂತಳು. ಹಂಡೆ ದಾಟಿತು.
ಏಪ್ರನ್ನಿನ ಅಂಚಿಗೆ ನಾಲ್ಕು ಹನಿ, ಅಷ್ಟೇ.

ಆಮೇಲೆ ಕಟ್ಟೆ ಒಡೆದ ಹಾಗೆ ಮಾತಾಡಿದಳು,
ನನಗೆ ಎಲ್ಲಾ ಬರುತ್ತದೆ ಅಂದುಕೊಂಡು.
ಬಿಡುವುದು ಹೇಗೆ? ಬಾಯಿಪಾಠವಾಗಿದ್ದ ಉಳಿದದ್ದನ್ನೂ
ಅದೇ ಬ್ಯಾಂಕಿನ ದನಿಯಲ್ಲಿ ಒಪ್ಪಿಸಿದೆ.
ಮಗುಚಿದ ಬಕೆಟ್ಟಿನ ಮೇಲೆ ಕೂತು
ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.
ನಾನು ಅವಳಿಗೆ ಹೇಳಿದ್ದು, ಮುಚ್ಚಳ ಸರಿಯಾಗಿ ಕೂತಿಲ್ಲ ಅಂತಂತೆ.
ಮೂರು ತಿಂಗಳು ಅದನ್ನು ಯಾವುದೋ ಪ್ರಾರ್ಥನೆ ಎಂದೇ ನಂಬಿದ್ದೆ.

ಭಾನುವಾರ ಮನೆಗೆ ಬಂದಳು, ಕಿತ್ತಳೆಹಣ್ಣು ಹಿಡಿದು.
ಒಂದು ಗುಂಡಿ, ಒತ್ತಿ ಹಿಡಿದು ಮೂರೆಣಿಸಿದಳು.
ಕುಕ್ಕರು ನಮ್ಮ ಮಾತಿಗೆ ಮರಳಿತು.
ಒಳಕೋಣೆಯಲ್ಲಿ ಟೀವಿ ಆರಿತು,
ಮಾನ್‌ಸಿಕ್ ತಾನೇ ಎದ್ದು ಬಂದು ಕೂತ.
ಮೂರು ಬಟ್ಟಲು ಅನ್ನ, ಒಲೆಯ ಮೇಲೆ ಸಾರು,
ಎಲ್ಲಾ ಸರಿಹೋಗಿತ್ತು.

ಹೊರಡುವಾಗ ಅವಳ ತೋಳು ಹಿಡಿದು ಕುಕ್ಕರು ತೋರಿಸಿದೆ.
ಮೊದಲಿನ ಹಾಗೇ ಮಾಡಿ ಹೋಗು.
ಯಾಕೆ ಎಂದಿತು ಹುಬ್ಬು.
ಬೆರಳಲ್ಲಿ ಹೇಳಲು ಬರಲಿಲ್ಲ.
ಮಾಡಿ ಹೋದಳು.

ಈಗಲೂ ಸಂಜೆ ಏಳಕ್ಕೆ ಅದು ಏನೋ ಹೇಳುತ್ತದೆ,
ಕಿಟಕಿಯ ಗಾಜು ಮಬ್ಬಾಗುತ್ತದೆ,
ನಾನು ಕೈ ಒರೆಸಿಕೊಂಡು ಒಳಕೋಣೆಗೆ ಹೋಗುತ್ತೇನೆ.
ಎಷ್ಟು ತೊಳೆದರೂ ಮೀನಿನ ವಾಸನೆಯ ಕೈ.
ಅವನು ಏನೂ ಅನ್ನುವುದಿಲ್ಲ.