ರೋಲಿನ ಕೊನೆಯ ಗುಲಾಬಿ ಪಟ್ಟಿ

ಕೆಂಗೇರಿಯಲ್ಲಿ ನಮಗೆ ಹನ್ನೆರಡು ನಿಮಿಷ.
ಮೂರು ಶೌಚಕ್ಕೆ, ಎರಡು ಟೀಗೆ,
ಉಳಿದ ಏಳು ನನ್ನವು.
ಟಿಕೆಟ್ ಮಷೀನಿನ ರೋಲು ಮುಗಿಯುವಾಗ
ಅಂಚಿಗೆ ಗುಲಾಬಿ ಗೆರೆಯೊಂದು ಮೂಡುತ್ತದಲ್ಲ,
ಆ ತುಂಡೇ ನನ್ನ ಪುಟಗುರುತು.

ಏಳು ನಿಮಿಷಕ್ಕೆ ನಾಲ್ಕು ಪುಟ.
ಪದ್ಯವಾದರೆ ಒಂದು, ಅದೂ ಅರ್ಧ ಅರ್ಥವಾಗಿ.
ದಪ್ಪ ಕಾದಂಬರಿಗೆ
ಒಂದು ಇಡೀ ಆಷಾಢ ಬೇಕು,
ಶ್ರಾವಣದಿಂದಲೂ ಸ್ವಲ್ಪ ಸಾಲ.

ಡ್ರೈವರ್ ಫಕೀರಪ್ಪ ರೋಣದ ಕಡೆಯವರು.
ಓದು ಬರುತ್ತದೆ, ಒಗ್ಗುವುದಿಲ್ಲ.
"ಬೋರ್ಡ್ ಓದಿ ಓದಿನಽ ಸಾಕಾಗೇತ್ರೀ."
ಆದರೆ ಸುಮನಹಳ್ಳಿಯಲ್ಲಿ ಕೆಂಪು ಬಿದ್ದರೆ
ಕನ್ನಡಿಯೊಳಗೇ ನನ್ನನ್ನು ಹುಡುಕುತ್ತಾರೆ:
"ಏನಾತ್ರೀ ಮುಂದ?
ಆ ಹೆಣ್ಮಗಳು ಕಾಗದಾ ಹಾಕಿದ್ಲೋ, ಇಲ್ಲೋ?"

ಆ ಹೆಣ್ಣುಮಗಳು ಗಡಿಯಾರ ರಿಪೇರಿಯವಳು.
ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕಳು, ಮೂವತ್ತು ರೂಪಾಯಿಗೆ;
ಮುಖಪುಟ ಇಲ್ಲ, ಬರೆದವರ ಹೆಸರಿಲ್ಲ,
ಕಥೆ ಶುರುವಾಗುವುದೇ ಒಂಬತ್ತನೇ ಪುಟದಿಂದ.
ಯಾವ ಪುಸ್ತಕ ಅಂತ ಕೇಳಿದರೆ ಹೇಳಲಾರೆ,
ಎತ್ತಿ ತೋರಿಸಬಲ್ಲೆ ಅಷ್ಟೆ.

ಕೇಳುತ್ತಾರೆ. ಓದುವವಳೆಂದು ಗೊತ್ತಾದರೆ ಸಾಕು,
ಹಲ್ಲುನೋವಿಗೆ ಔಷಧಿ ಕೇಳಿದ ಹಾಗೆ ಕೇಳುತ್ತಾರೆ.
ಡಿಪೋದ ಕ್ಯಾಷಿಯರ್ ಪುಟ್ಟಲಿಂಗಯ್ಯ ಒಂದು ರಾತ್ರಿ
ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ,
"ಮಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳಮ್ಮ,
ಅವಳಿಗೊಂದು ಒಳ್ಳೇ ಪುಸ್ತಕ ಹೇಳು" ಅಂದರು.
ಯಾವುದನ್ನು ಹೇಳಲಿ?
ನಗಿಸುವಂಥದೊಂದನ್ನು ಕೊಟ್ಟೆ, ತಪ್ಪೇ ಇರಬೇಕು.
ಮೂರು ತಿಂಗಳಿಗೆ ಅದು ವಾಪಸು ಬಂತು,
ನೂರಾ ನಲವತ್ತನೇ ಪುಟದ ಮೂಲೆ ಮಡಚಿತ್ತು.
ಅಲ್ಲಿ ಯಾರೋ ಸೀಬೆಹಣ್ಣು ಕೊಯ್ಯುತ್ತಾರೆ,
ಬೇರೇನೂ ಆಗುವುದಿಲ್ಲ.
ಆ ಪುಟವನ್ನು ನಾಲ್ಕು ಸಲ ಓದಿದೆ.

ನಮ್ಮ ಕೆಳಗಿನ ಮನೆಯ ತಸ್ಲೀಮಾ ವಾಸಿ.
ಕುಕ್ಕರಿನ ಮೂರು ಕೂಗಿಗೆ ಎರಡು ಪುಟ ಅವಳ ಲೆಕ್ಕ,
ಎಲ್ಲಿ ಅತ್ತಳು ಎಲ್ಲಿ ಬೈದಳು
ಅರಿಸಿನದ ಬೆರಳಚ್ಚೇ ಹೇಳುತ್ತದೆ.

ಅಷ್ಟರಿಂದ ನಾನು ಕಲಿತದ್ದು ಕಮ್ಮಿ.
ಬೆನ್ನುಡಿಯನ್ನು ನಂಬಬಾರದು.
ಜ್ವರ ಬಂದಾಗ ಹಳೆಯದನ್ನೇ ಓದಬೇಕು,
ಸತ್ತವರು ಯಾರೆಂದು ಮೊದಲೇ ಗೊತ್ತಿರುತ್ತದೆ.

ಗಡಿಯಾರದವಳು ಕೊನೆಗೂ ಕಾಗದ ಹಾಕಲಿಲ್ಲ.
ಗೋಡೆ ಗಡಿಯಾರದ ಹೊಟ್ಟೆಯೊಳಗೆ ಅದನ್ನಿಟ್ಟು
ಮುಚ್ಚಳ ಮುಚ್ಚಿದಳು, ನಾಲ್ಕೂ ತಿರುಪು ಬಿಗಿದಳು.
ಹಾಗಂತ ಲಗ್ಗೆರೆಯಲ್ಲಿ ಹೇಳಿದೆ.
ಫಕೀರಪ್ಪ ಏನೂ ಅನ್ನಲಿಲ್ಲ.
ಗೇರು ಬದಲಾಯಿಸಿದರು, ಸ್ವಲ್ಪ ಜೋರಾಗಿಯೇ.

ಮೊನ್ನೆ ಡಿಪೋದ ಕ್ಯಾಂಟೀನಿನಲ್ಲಿ
ಹೊಸ ಹುಡುಗನೊಬ್ಬನಿಗೆ ಅವರು ಕಥೆ ಹೇಳುತ್ತಿದ್ದರು.
ಚಿತ್ರಾನ್ನದ ತಟ್ಟೆ ಹಿಡಿದು ಬೆನ್ನ ಹಿಂದೆ ನಿಂತೆ.
ಗಡಿಯಾರಗಳಿದ್ದವು, ಅಂಗಡಿಯಿತ್ತು,
ನಾನು ಹೇಳದ ಒಂದು ನಾಯಿಯೂ ಇತ್ತು.
"ಹಾಕಿದ್ಲು ನೋಡಪಾ ಡಬ್ಬಿಗೆ!
ಎಂಟ ದಿನಕ್ಕ ಉತ್ತರ ಬಂತು.
ಅದರಾಗ ಏನ್ ಬರದಿತ್ತಂದ್ರ..."
ಕಂಟ್ರೋಲರ್ ಸೀಟಿ ಊದಿದ.
ಎಲ್ಲರೂ ಎದ್ದರು.

ನಾಗರಬಾವಿ ದಾಟಿತು, ಸುಮನಹಳ್ಳಿ ಹಸಿರಿತ್ತು.
ಎಂದೂ ಬೇಡದ ಕೆಂಪನ್ನು ಬೇಡಿಕೊಂಡೆ.
ಗೊರಗುಂಟೆಪಾಳ್ಯದಲ್ಲಿ ಕೊನೆಗೂ ಗಾಡಿ ನಿಂತಾಗ
ಜನರ ಮೊಣಕೈ ಸರಿಸಿ ಮುಂದೆ ಹೋಗಿ ಕೇಳಿದೆ:
ಉತ್ತರದಲ್ಲಿ ಏನಿತ್ತು?

ಫಕೀರಪ್ಪ ಕನ್ನಡಿ ಬಿಟ್ಟು ನೇರ ತಿರುಗಿದರು.
"ನೀವಽ ಓದೀರಲ್ರೀ ಮೇಡಂ,
ನನಗೇನ್ ಕೇಳ್ತೀರಿ?"

ರಾತ್ರಿ ಕಾಮಾಕ್ಷಿಪಾಳ್ಯದ ಮನೆಯಲ್ಲಿ
ಕೊನೆಯ ಪುಟ ತೆಗೆದು ನೋಡಿದೆ.
ಕಾಗದ ಗಡಿಯಾರದೊಳಗೇ ಇದೆ.
ಆಮೇಲೆ ಒಂದು ಖಾಲಿ ಹಾಳೆ,
ಇಷ್ಟು ದಿನ ನಾನು ಎಣಿಸದೇ ಬಿಟ್ಟಿದ್ದು,
ಆಮೇಲೆ ರಟ್ಟು.
ಗುಲಾಬಿ ಪಟ್ಟಿಯನ್ನು ಆ ಹಾಳೆಗೆ ಇಟ್ಟು ಮುಚ್ಚಿದೆ.
ಬೆಳಗಿನ ಪಾಳಿ ಐದೂ ನಲವತ್ತಕ್ಕೆ.