ಏಳು ದೋಣಿ, ಒಂದೇ ಬಿರುಕು

ಕಾಸರಗೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ
ಸಾವಿರದ ಎಂಟುನೂರು ಕೊಟ್ಟು ತಂದ ಫಿಲ್ಟರು.
ಡಬ್ಬಿಯ ಮೇಲೆ ಬಂಗಾರದ ಅಕ್ಷರ: ಹದಿನಾರು ಪದರ ಲೇಪ,
ಗೀರು ಬೀಳದು, ನೀರು ನಿಲ್ಲದು, ಹತ್ತು ವರ್ಷ.
ಅಂಗಡಿಯ ನೌಷಾದ್ ಗಾಜಿನ ಮೇಲೊಂದು ಹನಿ ಬಿಟ್ಟು ತೋರಿಸಿದ.
ಕೆಸುವಿನೆಲೆಯ ಮೇಲಿನ ಹಾಗೆ ಉರುಳಿ ಹೋಯಿತು.
ನಂಬಿದೆ.
ಅದು ಸಿಹಿನೀರಿನ ಹನಿ ಎಂದು ಆಗ ಹೊಳೆಯಲಿಲ್ಲ.

ಮಂಜೇಶ್ವರದ ಗಾಳಿಗೆ ಡಬ್ಬಿ ಓದಲು ಬರುವುದಿಲ್ಲ.
ಹೊಸಂಗಡಿಯ ನನ್ನ ಸ್ಟುಡಿಯೋದ ಬೋರ್ಡನ್ನೇ
ಮೂರು ಸಲ ತಿಂದಿದೆ ಅದು. ‘ಸ್ಟು’ ಹೋಗಿ ಈಗ ಬರೀ ‘ಡಿಯೋ’.
ಬಾಗಿಲ ಬಿಜಾಗರಿ, ಫ್ಯಾನಿನ ರೆಕ್ಕೆ, ಅಕ್ಕಿಡಬ್ಬದ ಮುಚ್ಚಳ,
ಅವಸರವಿಲ್ಲದೆ ನೆಕ್ಕುತ್ತದೆ,
ಕರು ಗೋಡೆ ನೆಕ್ಕಿದ ಹಾಗೆ.

ಎಂಟನೇ ತಿಂಗಳಿಗೆ ಲೇಪ ಅಂಚಿನಿಂದ ಎದ್ದಿತು,
ಆರಿದ ಹಾಲಿನ ಕೆನೆ ಬೆರಳಿಗೆ ಸರಿದಂತೆ.
ಒರೆಸಿದೆ. ಒರೆಸಿದ್ದೇ ತಪ್ಪು.
ಲುಂಗಿಯ ತುದಿ, ಕನ್ನಡಕದ ಬಟ್ಟೆ, ಬಾಯಿಯ ಉಸಿರು,
ಒಂದೊಂದೂ ತನ್ನ ರುಜು ಹಾಕಿ ಹೋಯಿತು.
ಕೊನೆಗೆ ನಡುವಿಂದ ತುಸು ಎಡಕ್ಕೆ ಒಂದು ಬಿಳಿ ಗೆರೆ,
ಕತ್ತರಿಸಿದ ಉಗುರಿನ ಹಾಗೆ ಬಾಗಿದ್ದು,
ಬಿಸಿಲು ಎದುರಿದ್ದರೆ ಮಾತ್ರ ಮೂಡುವುದು.

ಮದುವೆಯವರು ಬೈಯಲಿಲ್ಲ.
ಪೊಸೋಟಿನ ಮದುಮಗಳು, “ಅಣ್ಣಾ, ಈ ಬೆಳಕು ಚಂದ ಬಂದಿದೆ,
ಇನ್ನೂ ಸ್ವಲ್ಪ ಹಾಕಿ” ಎಂದಳು.
ಎಂತ ಹೇಳುವುದು ಅವಳಿಗೆ?
ಬಿಲ್ಲಿಗೆ ಇನ್ನೂರು ಹೆಚ್ಚು ಸೇರಿಸಿದೆ.

ತೆಗೆಯೋಣವೆಂದರೆ ಬಳೆ ಕಚ್ಚಿಕೊಂಡಿತ್ತು.
ರಬ್ಬರ್ ಬ್ಯಾಂಡು ಸುತ್ತಿ ತಿರುಗಿಸಿದೆ,
ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ತಿರುಗಿಸಿದೆ,
ಫ್ರಿಜ್ಜಿನಲ್ಲಿ ಬಂಗುಡೆಯ ಪಕ್ಕ ಇಟ್ಟೆ, ಐರಿನ್ ಬೈದಳು.
ಉಪ್ಪು ಕೂಡಿಸಿದ್ದನ್ನು ಬಿಡಿಸುವುದು ಸುಲಭವಲ್ಲ ಮಾರಾಯ.
ಇರಲಿ, ಮಳೆ ಮುಗಿಯಲಿ ಅಂದುಕೊಂಡೆ.

ಮಳೆ ಮುಗಿಯಲಿಲ್ಲ. ಆಟಿಯ ಕಡಲು ಒಂದು ರಾತ್ರಿ
ಏಳು ದೋಣಿಗಳನ್ನು ತಡೆಗೋಡೆಯ ಕಲ್ಲಿಗೆ ಬಡಿಯಿತು.
ಸೊಸೈಟಿಯವರು ಬಂದರು: ವಿಮೆಗೆ ಫೋಟೋ ಬೇಕು, ನಾಳೆಗೇ.
ಮೋಡ ಹರಿದ ಸಂಜೆ, ಸೂರ್ಯನಿಗೆ ಮುಖಕೊಟ್ಟು ನಿಂತು
ಏಳನ್ನೂ ತೆಗೆದೆ.
ಕುಂಞಾಲಿಯ ದೋಣಿಗೆ ಮೂತಿ ಇರಲಿಲ್ಲ.
ನೀಲಯ್ಯ ಸಾಲ್ಯಾನರದ್ದಕ್ಕೆ ಹೊಟ್ಟೆಯೇ ಇರಲಿಲ್ಲ,
ಆಚೆ ಬದಿಯ ಮರಳು ಕಾಣುತ್ತಿತ್ತು.

ಕಣ್ಣೂರಿನಿಂದ ಬಂದ ವಿಮೆಯ ಅಧಿಕಾರಿ
ಇಸ್ಪೀಟಿನಂತೆ ಫೋಟೋಗಳನ್ನು ಮೇಜಿಗೆ ಹಾಸಿದ.
“ಏಳ್ ತೋಣಿಕ್ಕುಂ ಒರೇ ಪೊಟ್ಟಲೋ?”
ಏಳು ದೋಣಿಗೂ ಒಂದೇ ಬಿರುಕು, ಅದೇ ಬಾಗು, ಅದೇ ಜಾಗ,
ನಡುವಿಂದ ತುಸು ಎಡಕ್ಕೆ.
ಅವನ ಬೆರಳು ಒಂದೊಂದರಲ್ಲೂ ಅಲ್ಲೇ ನಿಂತು ಮುಂದೆ ಹೋಯಿತು.
ನಿಜವಾಗಿ ಮುರಿದದ್ದರ ಮೇಲೆ ನಿಲ್ಲಲೇ ಇಲ್ಲ.

ಬಿರುಕು ನನ್ನದು ಎಂದು ಎದ್ದು ಹೇಳಿದೆ.
ಕನ್ನಡದಲ್ಲಿ ಹೇಳಿದೆ, ತುಳುವಿನಲ್ಲಿ ಹೇಳಿದೆ,
ಹರಕು ಮಲಯಾಳದಲ್ಲಿ ಹೇಳಿದೆ.
ಕ್ಯಾಮರಾ ಎತ್ತಿ ಕಣ್ಣ ಮುಂದೆ ಹಿಡಿದೆ.
ಅವ ಗಾಜಿನಲ್ಲಿ ತನ್ನ ಮೀಸೆ ನೋಡಿಕೊಂಡ.
ಕಡತಕ್ಕೆ ದಾರ ಬಿಗಿದ.

ರಾತ್ರಿ ವೆಲ್ಡಿಂಗ್ ಶಾಪಿನ ಐತ್ತಪ್ಪ
ಗರಗಸದ ಅಲಗಿನಿಂದ ಬಳೆ ಕುಯ್ದ.
ಕಿರ್ರೆಂದಾಗೆಲ್ಲ ನನ್ನ ಹಲ್ಲು ಜುಂ ಎಂದಿತು.
ಒಳಗಿನ ಲೆನ್ಸು
ಕೊಂಡ ದಿನದ ಹಾಗೇ ಇತ್ತು, ಒಂದು ಗೀರಿಲ್ಲ.
“ಮತ್ತೆಂತ, ಅದರ ಕೆಲಸ ಅದು ಮಾಡಿದೆಯಲ್ಲ” ಅಂದ ಐತ್ತಪ್ಪ.
ಮಾಡಿದೆ. ಹೌದು.
ನೀಲಯ್ಯರಿಗೆ ಹೋಗಿ ಹೇಳುವವರು ಯಾರು?

ನಾಳೆ ಮತ್ತೆ ದಡಕ್ಕೆ ಹೋಗಬೇಕು, ಬರಿ ಲೆನ್ಸಿನಲ್ಲಿ,
ಉಪ್ಪು ಗಾಳಿಗೆ ಎದೆ ಕೊಟ್ಟು.
ಎರಡು ದೋಣಿಗೆ ಆಗಲೇ ಹಲಗೆ ಹೊಡೆದು
ನೀಲಿ ಬಳಿದುಬಿಟ್ಟಿದ್ದಾರೆ, ಹೊಟ್ಟೆಪಾಡು ಕಾಯುವುದಿಲ್ಲ.
ಅವು ಒಡೆದದ್ದು ಇನ್ನು ಎಲ್ಲಾದರೂ ಉಳಿದಿದ್ದರೆ
ಆ ಉಗುರಿನ ಗೆರೆಯ ಹಿಂದೆ,
ನಾನು ಕೆಡಿಸಿದ ಫೋಟೋದಲ್ಲಿ.