ಕಲಂ ಹನ್ನೊಂದು

ದೋಣಿ ಇಳಿಯುತ್ತಲೇ ಅಧ್ಯಕ್ಷೆಯ ಚಪ್ಪಲಿ ಮರಳಲ್ಲಿ ಹೂತಿತು.
ಜಮುನಾ ನದಿಯ ನಡುವೆ, ಎಂಟು ವರ್ಷದ ಹಿಂದೆ
ಮೇಲೆದ್ದ ದಿಬ್ಬ. ಚರ್ ಅನ್ನುತ್ತಾರೆ ಅಲ್ಲಿ.
ಢಾಕಾದಿಂದ ಬಂದವರು ನಾವು ನಾಲ್ವರು:
ವಿದ್ಯುತ್ ಆಯೋಗದ ಮೂವರು ಸದಸ್ಯರು,
ಮತ್ತು ಆಡಿದ್ದೆಲ್ಲ ಬೆರಳಚ್ಚು ಮಾಡಲು ನಾನು.

ಶಾಲೆಯ ತಗಡಿನ ಸೂರಡಿ ವಿಚಾರಣೆ.
ಕರಡು ನಿಯಮದ ಮೂವತ್ತೆಂಟು ಪುಟ ಹಾರಿಹೋಗದಂತೆ
ಯಾರೋ ಮೇಲೊಂದು ಕುಂಬಳಕಾಯಿ ಇಟ್ಟರು.

ಓದಲಾಯಿತು: ವಿದ್ಯುತ್ ಮಾರುವ ಯಾರೇ ಆಗಲಿ ಪರವಾನಗಿದಾರರು.
ಶುಲ್ಕ ಇಷ್ಟು, ಠೇವಣಿ ಇಷ್ಟು, ಲೆಕ್ಕಪರಿಶೋಧಕರ ಸಹಿ.
ಹಿಂದಿನ ಬೆಂಚಿನಿಂದ ನಗು.
ಮಾಲೇಕಾ ಬೇವಾ ಎದ್ದಳು. ಬಾಯಲ್ಲಿದ್ದ ಗುಂಡುಸೂಜಿ ತೆಗೆದು
ಸೆರಗಿಗೆ ಚುಚ್ಚಿಕೊಂಡಳು. ಹೊಲಿಗೆಯವಳು;
ಅವಳ ಮನೆಯ ಮೇಲೆ ಒಂದೇ ಒಂದು ಸೌರಫಲಕ.

"ಹಗಲೆಲ್ಲ ನನ್ನ ಮಷೀನು ತಿಂದು ಉಳಿದದ್ದು
ಸಂಜೆ ತೋಫಾಜ್ಜಲನ ಚಹಾದಂಗಡಿಗೆ ಹೋಗುತ್ತದೆ.
ಅವನ ಟಿವಿ ಹತ್ತುತ್ತದೆ, ನನ್ನ ಫೋನು ಟಿಣ್ ಅನ್ನುತ್ತದೆ: ಮೂರು ಟಾಕಾ.
ಇದಕ್ಕೂ ಪರವಾನಗಿಯೇ? ಹಾಗಾದರೆ
ಪಕ್ಕದ ಮನೆಗೆ ಹೆಪ್ಪು ಕೊಟ್ಟವಳನ್ನೂ ಡೈರಿ ಅನ್ನಿ."

ಕಂಪನಿಯ ಹುಡುಗ ಶಾಹರಿಯಾರ್ ಲ್ಯಾಪ್‌ಟಾಪು ತೆರೆದ.
"ಜೋನಾಕಿ ವಿದ್ಯುತ್ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ.
ನಾವು ಬರೀ ವೇದಿಕೆ."
ವೇದಿಕೆ. ಆ ಪದ ಒತ್ತುತ್ತ ತಲೆಯೆತ್ತಿ ನೋಡಿದೆ:
ಆ ಶಾಲೆಯಲ್ಲಿ ಹತ್ತಿ ನಿಲ್ಲಲು ಒಂದು ಹಲಗೆಯೂ ಇರಲಿಲ್ಲ.

ದರ ಯಾರು ಕಟ್ಟುತ್ತಾರೆ, ಅಧ್ಯಕ್ಷೆ ಕೇಳಿದರು.
"ಯಾರೂ ಇಲ್ಲ ಮೇಡಂ. ಬೇಡಿಕೆ."
ತೋಫಾಜ್ಜಲ್ ಕೂತಲ್ಲಿಂದಲೇ:
"ಕ್ರಿಕೆಟ್ ಇದ್ದ ರಾತ್ರಿ ಆ ಯಾರೂ ಇಲ್ಲದವನು
ನನ್ನ ಹತ್ತಿರ ಏಳು ಟಾಕಾ ಕೀಳುತ್ತಾನೆ.
ಮಾಲೇಕಾಗೆ ಸಿಗುವುದು ಅದೇ ಮೂರು."

ನೆರೆಯ ಮಾತು ಬಂದದ್ದು ಆಮೇಲೆ.
ಕರಡಿನಲ್ಲಿ ನೆರೆ ಎಂದರೆ ಒಂದೇ ತಂತಿಗೆ ಸೇರಿದ ಮನೆಗಳು.
ಅವರು ಹೇಳತೊಡಗಿದ್ದು ಇನ್ನೊಂದು ನೆರೆ,
ಶ್ರಾವಣದಲ್ಲಿ ಮಂಚದ ಮೇಲೆ ಮಂಚ ಪೇರಿಸುವಂಥದು.
ಆ ರಾತ್ರಿ ಟವರು ಬಿತ್ತು. ರೀಚಾರ್ಜ್ ಯಾರಿಂದಲೂ ಆಗಲಿಲ್ಲ.
ಹನ್ನೆರಡಕ್ಕೆ ಸರಿಯಾಗಿ ಪೆಟ್ಟಿಗೆಗಳೆಲ್ಲ
ತಮಗೆ ತಾವೇ ಬೀಗ ಹಾಕಿಕೊಂಡವು.
ಕೊಹಿನೂರಳಿಗೆ ಹೆರಿಗೆ ನೋವು. ಮಾಲೇಕಾಳ ಬ್ಯಾಟರಿ ತುಂಬಿತ್ತು.
ಎರಡು ಮನೆಗಳ ನಡುವೆ ಎದೆಮಟ್ಟದ ನೀರು.

"ಕತ್ತರಿಯಿಂದ ಸೀಲು ಒಡೆದೆ.
ತಂತಿಯ ಸುರುಳಿ ತಲೆಯ ಮೇಲಿಟ್ಟುಕೊಂಡು ದಾಟಿದೆ.
ಮರುವಾರ ಫೋನಿಗೆ ಬಂತು:
ಉಪಕರಣಕ್ಕೆ ಹಾನಿ, ದಂಡ ಎಂಟುನೂರು."
ಮಗು ಎಲ್ಲಿ ಎಂದು ಯಾರೋ ಕೇಳಿದರು.
ಅದು ಆಗಷ್ಟೇ ಕುಂಬಳಕಾಯಿಯನ್ನು ಉರುಳಿಸಿತ್ತು;
ಹಾಳೆಗಳು ಹಾರಿ, ಮೂವರು ಸದಸ್ಯರೂ ಬಗ್ಗಿ ಹೆಕ್ಕಿದರು.

ನಿನಗೇನು ಬೇಕಮ್ಮಾ, ಅಧ್ಯಕ್ಷೆ ಕೇಳಿದರು, ಕೈತುಂಬ ಕಾಗದ.
"ಬೀಗದ ಕೈ ಒಂದು ನಮ್ಮ ಹತ್ತಿರವೂ ಇರಲಿ."
ಹಾಗೆಯೇ ಒತ್ತಿದೆ. ಕಾನೂನು ಶಾಖೆ ಅದನ್ನು
"ತುರ್ತು ಸಂದರ್ಭದಲ್ಲಿ ಸ್ಥಳೀಯ ಮರುಸಂಪರ್ಕದ ಹಕ್ಕು" ಮಾಡಿತು.

ಗೆಜೆಟ್ ಹೊರಬಿದ್ದದ್ದು ಎರಡು ಮಳೆಗಾಲ ಕಳೆದು.
ಸಣ್ಣ ಮಾರಾಟಗಾರರಿಗೆ ಪರವಾನಗಿ ಬೇಡ ಎಂದಾಗಿತ್ತು.
ದರ ಹುಟ್ಟುವ ಲೆಕ್ಕ ತೋರಿಸಬೇಕೆಂಬ ಸಾಲು
ಸಮಿತಿಯಿಂದ ಸಮಿತಿಗೆ ಹೋಗಿ ಸವೆದು ಅಡಿಟಿಪ್ಪಣಿಯಾಗಿತ್ತು.
ಕಲಂ ಹನ್ನೊಂದು ಮಾತ್ರ ಉಳಿದಿತ್ತು.

ಒಂದು ಪ್ರತಿ ನಾನೇ ಅಂಚೆಗೆ ಹಾಕಿದೆ. ವಾಪಸು ಬಂತು.
ಲಕೋಟೆಯ ಮೇಲೆ ನೀಲಿ ಶಾಯಿಯಲ್ಲಿ:
ಊರು ನದಿಗೆ ಹೋಗಿದೆ.

ತಗಡು, ಫಲಕ, ಹೊಲಿಗೆ ಮಷೀನು ಹೊತ್ತುಕೊಂಡು
ಪೂರ್ವಕ್ಕೆದ್ದ ಹೊಸ ದಿಬ್ಬಕ್ಕೆ ದಾಟಿದ್ದಾರಂತೆ.
ಅದಕ್ಕಿನ್ನೂ ಹೆಸರಿಟ್ಟಿಲ್ಲ.
ಜೋನಾಕಿಯ ನಕ್ಷೆಯಲ್ಲಿ ಅಲ್ಲಿ ಬರೀ ನೀರು,
ನೀರಿನ ನಡುವೆ, ಸಂಜೆ ಆರೂಕಾಲಕ್ಕೆ, ಮೂರು ಟಾಕಾ.